‘ಬರಬೇಡಿ’ ಎಂದ ಭಾಷಣ: ಒಂದು ಮರು ಓದು

ಹೊರದೇಶದ ಮೂಲನಿವಾಸಿ ಜನರ ನಡುವೆ ಕೆಲಕಾಲ ಇದ್ದು ಸೇವೆ ಸಲ್ಲಿಸಿ ಬರಬೇಕೆಂಬ ಹಂಬಲ ಇಂದು ಅನೇಕ ಯುವಕ ಯುವತಿಯರಲ್ಲಿ ಕಾಣುತ್ತದೆ. ಹಂಬಲ ಒಳ್ಳೆಯದೇ. ಆದರೆ ಅದಕ್ಕಾಗಿ ನಡೆಯುವ ಸಿದ್ಧತೆ ಯಾವುದು? ಪಾಸ್‌ಪೋರ್ಟು, ವೀಸಾ, ಲಸಿಕೆ, ಸೊಳ್ಳೆಪರದೆ, ಹಂಚಲು ಒಂದಿಷ್ಟು ಬಟ್ಟೆ, ಪುಸ್ತಕ, ಔಷಧ. ಚೀಲ ತುಂಬಿದರೆ ಸಿದ್ಧತೆ ಮುಗಿಯಿತೆಂದು ಭಾವಿಸುವವರು ಓದಲೇಬೇಕಾದ ಒಂದು ಭಾಷಣವಿದೆ. ಮೆಕ್ಸಿಕೋದ ಹಳ್ಳಿಗಳಿಗೆ ಬೇಸಿಗೆ ರಜೆಯ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರಿನಲ್ಲಿ 1968ರ ಏಪ್ರಿಲ್ 20ರಂದು ಇವಾನ್ ಇಲ್ಲಿಚ್ ಅದನ್ನು ಮಾಡಿದರು. ಸದುದ್ದೇಶಗಳು ನರಕಕ್ಕೆ ಹೋಗಲಿ ಎಂಬರ್ಥದ ಶೀರ್ಷಿಕೆಯಲ್ಲಿ ಅದು ಪ್ರಸಿದ್ಧವಾಗಿದೆ.

ಇಲ್ಲಿಚ್ ಧರ್ಮಸಭೆಯ ಹೊರಗೆ ನಿಂತು ಕಲ್ಲೆಸೆದವರಲ್ಲ. 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, 1951ರಲ್ಲಿ ಗುರುದೀಕ್ಷೆ ಪಡೆದು, ನ್ಯೂಯಾರ್ಕಿನ ಪೋರ್ಟೊರಿಕೋ ವಲಸಿಗರ ನಡುವೆ ದುಡಿದವರು. 1961ರಲ್ಲಿ, ಉತ್ತರ ಅಮೆರಿಕದ ಧಾರ್ಮಿಕ ಸಭೆಗಳು ಹತ್ತು ವರ್ಷಗಳಲ್ಲಿ ತಮ್ಮ ಸದಸ್ಯರ ಶೇಕಡಾ 10ರಷ್ಟು ಮಂದಿಯನ್ನು ಲ್ಯಾಟಿನ್ ಅಮೆರಿಕಕ್ಕೆ ಕಳುಹಿಸಬೇಕೆಂಬ ಕರೆ ರೋಮಿನಿಂದ ಬಂದಿತ್ತು. ಹಾಗೆ ಹೊರಟವರಿಗೆ ಭಾಷೆ, ಸಂಸ್ಕೃತಿಗಳನ್ನು ಕಲಿಸುವ ಕೇಂದ್ರವನ್ನು ಅದೇ ವರ್ಷ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ತೆರೆದವರು ಇವರೇ. ಹೋಗುವವರನ್ನು ತರಬೇತುಗೊಳಿಸುತ್ತಿದ್ದವರೇ ಹೋಗಬೇಡಿ ಎಂದದ್ದು ಈ ಭಾಷಣದ ತೂಕ. 1969ರಲ್ಲಿ ಅವರು ಗುರುತ್ವದ ಕರ್ತವ್ಯಗಳಿಂದ ಹಿಂದೆ ಸರಿದರು, 2002ರಲ್ಲಿ ತೀರಿಕೊಂಡರು.

ಅವರ ವಾದ ಸರಳವಾಗಿದೆ. ನೀವು ಒಳ್ಳೆಯವರು, ಆದರೆ ನೀವು ಹೊತ್ತು ತರುವುದು ಸಹಾಯವನ್ನಲ್ಲ, ನಿಮ್ಮ ಮಧ್ಯಮವರ್ಗದ ಬದುಕೇ ಬದುಕೆಂಬ ನಂಬಿಕೆಯನ್ನು. ಆ ಜನರ ಭಾಷೆ ನಿಮಗೆ ಬಾರದು. ಆದ್ದರಿಂದ ಅವರು ನಿಮ್ಮನ್ನು ಬೈದರೂ ನಿಮಗೆ ತಿಳಿಯದು. ಸೇವೆ ಮಾಡಲೇಬೇಕೆಂದರೆ ನಿಮ್ಮದೇ ಊರಿನ ಬಡವರ ಬಳಿಗೆ ಹೋಗಿ, ನೀವು ಬೇಡವೆಂದಾಗ ಅವರು ಅದನ್ನು ನಿಮಗೆ ಅರ್ಥವಾಗುವಂತೆ ಹೇಳಬಲ್ಲರು. ಮೆಕ್ಸಿಕೋಗೆ ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ. ಇದು ಅವರ ಮಾತಿನ ಸಾರ.

ಓದುಗರೇ, ಈ ಮಾತು ಕಟುವೆನಿಸಿದರೂ ಸುಳ್ಳಲ್ಲ. ಭಾಷಣಕ್ಕೆ ಹಿಂದಿನ ವರ್ಷ, ಅಂದರೆ 1967ರಲ್ಲಿ, ಬ್ರೆಜಿಲ್ ದೇಶದ ತೂತೊತೊಬಿ ಎಂಬಲ್ಲಿ ಯಾನೊಮಾಮಿ ಜನರ ನಡುವೆ ದಡಾರ ಹರಡಿ ಅನೇಕರು ಸತ್ತರು. ರೋಗವು ಅಲ್ಲಿದ್ದ ಧರ್ಮಪ್ರಚಾರಕ ಕುಟುಂಬದ ಪುಟ್ಟ ಮಗುವಿನ ಮೂಲಕ ಬಂದಿತ್ತು. ಯಾನೊಮಾಮಿ ನಾಯಕ ದಾವಿ ಕೊಪೆನಾವಾ ತಾಯಿಯನ್ನು ಕಳೆದುಕೊಂಡದ್ದು ಆ ಪಿಡುಗಿನಲ್ಲಿಯೇ. ಆ ಕುಟುಂಬದ ಉದ್ದೇಶದಲ್ಲಿ ಕೆಡುಕಿರಲಿಲ್ಲ, ಆದರೆ ರೋಗಾಣು ಉದ್ದೇಶವನ್ನು ವಿಚಾರಿಸುವುದಿಲ್ಲ. ಲಸಿಕೆ ನಮ್ಮ ರಕ್ಷಣೆಗೆ ಎಂದುಕೊಳ್ಳುತ್ತೇವೆ. ಅದು ಮೊದಲು ಅವರ ರಕ್ಷಣೆಗೆ ಎಂಬುದು ಸಿದ್ಧತೆಯ ಮೊದಲ ಪಾಠವಾಗಬೇಕು.

ಹಾಗಾದರೆ ಇಲ್ಲಿಚ್ ಮಾತೇ ಕೊನೆಯೇ? ಇಲ್ಲಿ ಅವರ ಭಾಷಣದ ಕೊರತೆಯನ್ನೂ ಹೇಳಬೇಕು. ಹೋಗುವವನು ಎಂದೆಂದಿಗೂ ತನ್ನ ಬದುಕನ್ನು ಮಾರುವ ವ್ಯಾಪಾರಿಯೇ ಆಗಿರುತ್ತಾನೆಂದು ಅದು ಭಾವಿಸುತ್ತದೆ. ಅದೇ ಬ್ರೆಜಿಲ್‌ನಲ್ಲಿ ಇದಕ್ಕೆ ಉತ್ತರವೊಂದಿದೆ. 1952ರಲ್ಲಿ ಯೇಸುವಿನ ಕಿರಿಯ ಸಹೋದರಿಯರು ಎಂಬ ಸಭೆಯ ಭಗಿನಿಯರು ಮಾತೊ ಗ್ರೊಸೊ ಪ್ರಾಂತ್ಯದ ತಾಪಿರಾಪೆ ಜನರ ಬಳಿಗೆ ಹೋದರು. ರೋಗ ಮತ್ತು ದಾಳಿಗಳಿಂದ ನಲುಗಿದ್ದ ಆ ಜನಾಂಗದಲ್ಲಿ ಆಗ ಉಳಿದಿದ್ದವರು ಸುಮಾರು 50 ಮಂದಿ. ಭಗಿನಿಯರು ಶಾಲೆ, ದೇವಾಲಯಗಳನ್ನು ಕಟ್ಟುವ ಯೋಜನೆಯೊಂದಿಗೆ ಹೋಗಲಿಲ್ಲ. ಅವರಂಥದೇ ಗುಡಿಸಲಿನಲ್ಲಿ ವಾಸಿಸಿದರು, ಅವರ ಭಾಷೆ ಕಲಿತರು, ಮರಗೆಣಸು ಬೆಳೆದರು, ರೋಗಿಗಳನ್ನು ನೋಡಿಕೊಂಡರು. ಜನರನ್ನು ಮತಾಂತರಿಸುವುದು ಅವರ ಗುರಿಯಾಗಿರಲಿಲ್ಲ. ಅಳಿವಿನಂಚಿನ ಆ ಜನಾಂಗ ಮತ್ತೆ ಬೆಳೆದು ನೂರಾರು ಮಂದಿಯಾಯಿತು. ಫ್ರಾನ್ಸಿನಿಂದ ಬಂದ ಭಗಿನಿ ಜೆನೊವೇವಾ ಅರವತ್ತು ವರ್ಷ ಅಲ್ಲಿಯೇ ಇದ್ದು 2013ರಲ್ಲಿ ಮೃತರಾದಾಗ, ತಾಪಿರಾಪೆ ಜನರು ತಮ್ಮವಳೆಂದೇ ತಮ್ಮ ಸಂಪ್ರದಾಯದಂತೆ ಅವರನ್ನು ಮಣ್ಣು ಮಾಡಿದರು.

ಇದು ಇಲ್ಲಿಚ್‌ರನ್ನು ಸುಳ್ಳಾಗಿಸುವುದೇ? ಹಾಗೆನ್ನಲಾಗದು. ಅವರ ಮತ್ತೊಂದು ಬರಹ ಮೌನವನ್ನು ಕುರಿತದ್ದು. ಪರಭಾಷೆಯ ಪದಗಳಿಗಿಂತ ಅದರ ಮೌನಗಳನ್ನು ಕಲಿಯುವುದು ಕಷ್ಟ, ಕೇಳಿಸಿಕೊಳ್ಳುವ ಮೌನವಿಲ್ಲದವನು ವ್ಯಾಕರಣ ಕಲಿತರೂ ಪರಕೀಯನೇ ಎಂದು ಅವರು ಅಲ್ಲಿ ವಾದಿಸುತ್ತಾರೆ. ಭಾಷಣ ‘ಬರಬೇಡಿ’ ಎನ್ನುತ್ತದೆ, ಈ ಬರಹ ಬರುವುದಾದರೆ ಹೇಗೆ ಬರಬೇಕೆಂದು ಕಲಿಸುತ್ತದೆ. ಭಾಷಣವನ್ನಷ್ಟೇ ಓದಿದವರು ಮನೆಯಲ್ಲಿ ಕುಳಿತುಕೊಳ್ಳಲು ಒಂದು ನೆಪವನ್ನು ಪಡೆಯುತ್ತಾರೆ. ಎರಡನ್ನೂ ಕೂಡಿಸಿ ಓದಬೇಕು.

ಆ ಭಗಿನಿಯರ ಸಭೆಗೆ ಸ್ಫೂರ್ತಿಯಾದ ಸಂತ ಚಾರ್ಲ್ಸ್ ದ ಫೂಕೋ ಅವರ ಬದುಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಜೀರಿಯಾದ ಮರುಭೂಮಿಯ ತುವಾರೆಗ್ ಜನರ ನಡುವೆ ನೆಲೆಸಿ, ಅವರ ಭಾಷೆಗೆ ನಿಘಂಟು ರಚಿಸುತ್ತಿದ್ದವರು 1908ರ ಆರಂಭದಲ್ಲಿ ಕಾಯಿಲೆ ಬಿದ್ದು ಸಾವಿನ ಹತ್ತಿರಕ್ಕೆ ಹೋದರು. ಬರಗಾಲ ಬೇರೆ. ಆಗ ನೆರೆಯ ತುವಾರೆಗರು ಅಲ್ಲಿ ಇಲ್ಲಿ ಇದ್ದಬದ್ದ ಆಡುಗಳ ಹಾಲು ಕೂಡಿಸಿ ತಂದು ಅವರನ್ನು ಬದುಕಿಸಿದರು. ಕೊಡಲು ಹೋದವರು ಪಡೆದವರಾದರು. ಇಲ್ಲಿಚ್ ಭಾಷಣದಲ್ಲಿ ನನಗೆ ಸಿಗದ ಮಾತು ಇದು: ಅತಿಥಿಯಾಗಿ ಅವರ ಕೈಯ ಅನ್ನ ಉಣ್ಣಬಲ್ಲವನು ಮಾತ್ರ ಅವರಿಗೆ ಹೊರೆಯಾಗದೆ ಇರಬಲ್ಲನು.

ಬಂದವರನ್ನು ಕಂಡ ನಾಡು ನಮ್ಮದು. 17ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತರು. 1853ರಲ್ಲಿ ಬಂದ ಬಾಸೆಲ್ ಮಿಶನ್ನಿನ ಕಿಟೆಲ್ ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಮೂರು ವಾರ ಇದ್ದು ಚಿತ್ರ ತೆಗೆದುಕೊಂಡು ಹೋದವರನ್ನು ನಾವು ನೆನೆಯುವುದಿಲ್ಲ. ನಾವು ಹೋಗುವ ಊರಿನವರಾದರೂ ಯಾಕೆ ನೆನೆಯಬೇಕು?

ಆದ್ದರಿಂದ ಹೊರಡಬೇಕೆನ್ನುವ ಯುವಜನರೂ ಅವರನ್ನು ಕಳುಹಿಸುವ ಧರ್ಮಕೇಂದ್ರಗಳೂ ಚೀಲ ಕಟ್ಟುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಅಲ್ಲಿಂದ ನಮ್ಮನ್ನು ಕರೆದವರು ಯಾರು? ಬೇಡವೆನ್ನುವ ಹಕ್ಕು ಆ ಜನರಿಗಿದೆಯೇ? ನಾವು ಮಾಡುವ ಕೆಲಸವನ್ನು ಮಾಡಬಲ್ಲವರು ಅಲ್ಲಿಯೇ ಇಲ್ಲವೇ? ಮಾಡಲು ಕೆಲಸವೇ ಇಲ್ಲದಿದ್ದರೂ ಅವರೊಡನೆ ಸುಮ್ಮನೆ ಇರಬಲ್ಲೆವೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದವರಿಗೆ ಇಲ್ಲಿಚ್ ಸಲಹೆಯೇ ಸರಿ. ಉತ್ತರ ಇರುವವರಿಗೆ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯ ಸಾಕು. ಪ್ರಭು ತಮ್ಮ ಶಿಷ್ಯರನ್ನು ಕಳುಹಿಸಿದಾಗ ಜೋಳಿಗೆ ಬೇಡವೆಂದರು, ಬಡಿಸಿದ್ದನ್ನು ಉಣ್ಣಿರೆಂದರು. ನಮ್ಮ ಸಿದ್ಧತೆಯ ಪಟ್ಟಿ ಅಲ್ಲಿಂದ ಆರಂಭವಾಗಲಿ.