ಹಳೆಯ ಕಂಪ್ಯೂಟರ್ ಆಟಗಳೂ ಕೃತಿಸ್ವಾಮ್ಯವೂ

2015ರ ಜನವರಿಯಲ್ಲಿ ಅಮೆರಿಕದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ಸುಮಾರು 2,400 ಹಳೆಯ ಡಾಸ್ ಆಟಗಳನ್ನು ಅಂತರ್ಜಾಲದಲ್ಲಿಯೇ ಆಡುವಂತೆ ಒದಗಿಸಿದುದು ಶ್ಲಾಘನೀಯ. ಆಡಲಾಗದ ಆಟವು ಓದಲಾಗದ ಶಾಸನದಂತೆ. ಅದು ಚರಿತ್ರಕಾರನಿಗೆ ಆಧಾರವಾಗಲಾರದು.

ಆದರೆ ಕಂಪನಿಯೊಂದು ತನ್ನ ನೌಕರರಿಂದ ರಚಿಸಿ 1990ರಲ್ಲಿ ಪ್ರಕಟಿಸಿದ ಆಟಕ್ಕೆ ಅಲ್ಲಿನ ಕಾನೂನಿನಂತೆ 95 ವರ್ಷಗಳ, ಎಂದರೆ 2085ರ ಕೊನೆಯವರೆಗಿನ, ಕೃತಿಸ್ವಾಮ್ಯವುಂಟು. ಅದನ್ನು ಹೊತ್ತ ಫ್ಲಾಪಿ ಅಷ್ಟು ಕಾಲ ಬಾಳದು. ಹೀಗಿರಲು, ಮಾರುಕಟ್ಟೆಯಿಂದ ಮರೆಯಾದ ಆಟಗಳ ನಕಲು-ತಡೆಯನ್ನು ಬಿಡಿಸಿ ದೂರದ ಸಂಶೋಧಕರಿಗೆ ಒದಗಿಸಲು ಗ್ರಂಥಾಲಯಗಳ ಪರವಾಗಿ ಕೋರಿದ ವಿನಾಯಿತಿಯನ್ನು ಅಲ್ಲಿನ ಕೃತಿಸ್ವಾಮ್ಯ ಕಚೇರಿಯು 2024ರ ಅಕ್ಟೋಬರಿನಲ್ಲಿ ನಿರಾಕರಿಸಿದುದು ಸಮಂಜಸವೆನಿಸದು. ಕೇವಲ ವಿನೋದಕ್ಕೆ ದುರುಪಯೋಗವಾದೀತೆಂಬ ಭೀತಿಯು ನಿರಾಧಾರವಲ್ಲ. ಕೋರುವವರ ಗುರುತನ್ನೂ ಉದ್ದೇಶವನ್ನೂ ಪರೀಕ್ಷಿಸಿ ಅದನ್ನು ತಡೆಯಬಹುದು. ಸ್ವಾಮ್ಯವು ಕರ್ತೃವಿನ ಗಳಿಕೆಯನ್ನು ಕಾಯಲಿ. ಕೃತಿಯ ನಾಶಕ್ಕೆ ಅದು ಕಾವಲಾಗಬಾರದು.