ಸೇನಾಪಟಗಳೂ ಸಾರ್ಥಪಥಗಳೂ: ಒಂದು ವಿಮರ್ಶೆ

ಪ್ರಾಚೀನ ವಣಿಕ್ಪಥಗಳನ್ನು ಗುರುತಿಸಲು ಈಸ್ಟ್ ಇಂಡಿಯಾ ಕಂಪನಿಯ ಕಾಲದ ಸೇನಾ ಭೂಪಟಗಳನ್ನು ಆಧಾರವಾಗಿಟ್ಟುಕೊಳ್ಳುವ ಪದ್ಧತಿಯೊಂದುಂಟು. ಅದು ಉಪಯುಕ್ತವಾದುದೇ. ರೈಲುಮಾರ್ಗಗಳು ಬರುವ ಮುನ್ನ ಜನರು ನಡೆದ ಹಾದಿಗಳನ್ನು, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಂಥ ಊರುಗಳ ನೆಲೆಯನ್ನು ಅರಿಯಲು ಹಳೆಯ ಪಟಗಳ ನೆರವು ದೊಡ್ಡದು. ಆದರೆ ಪಟವನ್ನು ಪ್ರಮಾಣವೆಂದು ಸ್ವೀಕರಿಸುವ ಮುನ್ನ ಅದು ಯಾವ ಪ್ರಯೋಜನಕ್ಕಾಗಿ ರಚಿತವಾಯಿತೆಂಬುದನ್ನು ವಿಚಾರಿಸಬೇಕಾಗುತ್ತದೆ.

ಸೇನಾಪಟವು ಅರಸುವುದು ಕೋಟೆಯನ್ನು, ನೀರಿನ ಆಸರೆಯನ್ನು, ತೋಪುಗಳು ಸಾಗಬಲ್ಲ ದಾರಿಯನ್ನು. ಹೇರೆತ್ತಿಗೆ ಬಂಡಿಯ ಜಾಡು ಬೇಕಿಲ್ಲ, ಕಾಲುದಾರಿಯಿದ್ದರೆ ಸಾಕು. ಎರಡೂ ಪೂರ್ಣವಾಗಿ ಬೇರೆಯೆನ್ನಲೂ ಬಾರದು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರು ಎತ್ತುಗಳ ಮೇಲೆ ಹೇರು ಹೊರಿಸುತ್ತಿದ್ದ ಬಂಜಾರರೇ. ಆದುದರಿಂದ ಪ್ರತಿಯೊಂದು ದಾರಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದೇ ಯುಕ್ತ.

ಕಾಲವಿವೇಚನೆ ಇನ್ನೂ ಮುಖ್ಯವಾದುದು. ಬಿದನೂರಿನಿಂದ ಹೊಸಂಗಡಿ ಘಟ್ಟವಿಳಿಯುವ ದಾರಿಯನ್ನು ನೋಡಬಹುದು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದನು; 1783ರಲ್ಲಿ ಜನರಲ್ ಮ್ಯಾಥ್ಯೂಸನು ಈ ಘಟ್ಟವನ್ನೇರಿ ಬಂದನು. 1800ರ ಹೊತ್ತಿನ ಪಟಕಾರನಿಗೆ ಇದು ಹೆದ್ದಾರಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಬಿದನೂರು ಕೆಳದಿಯರಸರ ರಾಜಧಾನಿಯಾದದ್ದು ಹದಿನೇಳನೆಯ ಶತಮಾನದಲ್ಲಿ. ಅದಕ್ಕೆ ಹಿಂದೆ ಮೆಣಸಿನ ವ್ಯಾಪಾರದಿಂದ ಹೆಸರಾಗಿದ್ದುದು ಜೈನ ರಾಣಿ ಚೆನ್ನಭೈರಾದೇವಿಯ ಗೇರುಸೊಪ್ಪೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆಯೂ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವೇರಿ ಇಕ್ಕೇರಿಗೆ ಹೋದನು. ರಾಜಧಾನಿ ಬದಲಾದಂತೆ ದಾರಿಯ ಮಹತ್ತ್ವವೂ ಬದಲಾಗುತ್ತದೆ. ಕಂಪನಿಯ ಪಟದ ಗೆರೆಯನ್ನು ಹಾಗೆಯೇ ಹೊಯ್ಸಳರ ಕಾಲಕ್ಕೆ ಒಯ್ದು, ಬಸದಿಯಿಂದ ಬಸದಿಗೆ ಎಳೆದರೆ ಅದು ಊಹೆಯಾದೀತೇ ಹೊರತು ಸಿದ್ಧಾಂತವಾಗದು.

ಪಟದ ಸ್ಥಳನಾಮಗಳಿಗೂ ಪಾಠಶೋಧನೆ ಅವಶ್ಯಕ. ರೋಮನ್ ಲಿಪಿಯಲ್ಲಿ ಲಕಾರ-ಳಕಾರಗಳ, ತಕಾರ-ಟಕಾರಗಳ ಭೇದ ಅಳಿಯುತ್ತದೆ. ಒಂದೇ ಹೆಸರಿನ ಊರುಗಳು ಹಲವಿರುವಾಗ ಈ ಸ್ಖಾಲಿತ್ಯ ದಾರಿಯನ್ನೇ ತಪ್ಪಿಸಬಲ್ಲದು.

ಪರಿಹಾರವೂ ಆ ಕಾಲದಲ್ಲಿಯೇ ಇದೆ. 1799ರ ಯುದ್ಧದ ನಂತರ ಮೈಸೂರು ಸೀಮೆಯನ್ನಳೆದ ಕಾಲಿನ್ ಮೆಕೆಂಜಿಯು ಪಟಗಳನ್ನು ಮಾತ್ರ ಸಿದ್ಧಪಡಿಸಲಿಲ್ಲ. ಕೈಫಿಯತ್ತು, ಶಾಸನಪ್ರತಿ, ಹಸ್ತಪ್ರತಿಗಳನ್ನೂ ಕೂಡಿಸಿದನು. ಆ ಕಾರ್ಯದಲ್ಲಿ ಕಾವಲಿ ಸೋದರರೊಡನೆ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ದುಡಿದನು. ಅಳತೆಯವನು ಗೆರೆಯನ್ನು ಬರೆದನು. ಪಂಡಿತನು ಊರಿನ ಮಾತನ್ನು ಸಂಗ್ರಹಿಸಿದನು. ಇವೆರಡೂ ಒಂದೇ ಪರಿಶೋಧನೆಯ ಅಂಗಗಳು. ಮುಂದೆ ಅವು ಬೇರೆ ಬೇರೆ ಭಂಡಾರಗಳನ್ನು ಸೇರಿದುದರಿಂದ ಸಂಶೋಧಕರೂ ಒಂದನ್ನು ಬಿಟ್ಟು ಇನ್ನೊಂದನ್ನು ಓದುವಂತಾಯಿತು.

ಐನೂರ್ವರ ಶಾಸನಗಳು, ಸುಂಕದ ದತ್ತಿಗಳು, ಹಸ್ತಪ್ರತಿಗಳ ಅಂತ್ಯದಲ್ಲಿ ಲಿಪಿಕಾರನು ಹೇಳುವ ಊರು-ತಿಥಿಗಳು, ಅನಂತರ ಕೈಫಿಯತ್ತುಗಳು, ಕೊನೆಗೆ ಪಟ: ಇದು ಪ್ರಮಾಣಗಳ ಸರಿಯಾದ ಕ್ರಮ. ಕ್ರಮ ತಲೆಕೆಳಗಾದರೆ ತಪ್ಪುಗೆರೆಯೊಂದು ಗ್ರಂಥದಿಂದ ಗ್ರಂಥಕ್ಕೆ ಸಾಗಿ, ಲಿಪಿಕಾರನ ಸ್ಖಾಲಿತ್ಯದಂತೆಯೇ ಮೂಲಪಾಠವೆನಿಸಿಕೊಳ್ಳುತ್ತದೆ. ಅದನ್ನು ತಿದ್ದುವುದು ಹೊಸದಾಗಿ ಶೋಧಿಸುವುದಕ್ಕಿಂತ ಕಷ್ಟ.