ಹೊಡೆಯಬೇಕೊ, ಓಡಬೇಕೊ

ಕೈಚುರುಕಿನ ಆಟ ಎಂದು ಮಾರುವ ಬಹುಪಾಲು ಆಟಗಳಲ್ಲಿ ಬೆರಳಿಗಷ್ಟೇ ಕೆಲಸ. ಜಪಾನಿನ ನಿಂಟೆಂಡೊ 1980ರ ಅಕ್ಟೋಬರಿನಲ್ಲಿ ಹೊರತಂದ ‘ಜಡ್ಜ್’ ತಲೆಗೂ ಕೆಲಸ ಕೊಡುತ್ತದೆ. ಅಂಗೈಯಗಲದ ಎಲ್‌ಸಿಡಿ ಪರದೆಯ ಮೇಲೆ ಎರಡು ಕಪ್ಪು ಗೊಂಬೆಗಳು ಎದುರುಬದುರು ನಿಂತಿರುತ್ತವೆ, ಕೈಯಲ್ಲಿ ಸುತ್ತಿಗೆ. ಎರಡೂ ತಟ್ಟನೆ ಒಂದೊಂದು ಅಂಕಿ ಎತ್ತಿ ತೋರಿಸುತ್ತವೆ. ದೊಡ್ಡ ಅಂಕಿಯವರು ಹೊಡೆಯಬೇಕು, ಸಣ್ಣ ಅಂಕಿಯವರು ತಪ್ಪಿಸಿಕೊಳ್ಳಬೇಕು. ಉಲ್ಟಾ ಮಾಡಿದರೆ ಲಾಭ ಎದುರಾಳಿಗೆ. ಇಷ್ಟೇ ನಿಯಮ. ಇಬ್ಬರಾಡುವ ಇಂಥ ಪುಟ್ಟ ಯಂತ್ರಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದುದನ್ನು ನಾನು ಕಂಡಿಲ್ಲ.

ಅದರ ಹೆಚ್ಚುಗಾರಿಕೆ ಎಲ್ಲಿದೆ ಎಂಬುದು ಆಡಿದ ಸ್ವಲ್ಪ ಹೊತ್ತಿಗೇ ಬೆರಳಿಗೆ ತಿಳಿಯುತ್ತದೆ. 2 ಮತ್ತು 9 ಬಂದಾಗ ಯೋಚನೆಯೇ ಬೇಡ. 7 ಮತ್ತು 8 ಬಂದರೆ ಮಾತ್ರ ಕೈ ಅರೆಕ್ಷಣ ತಡವರಿಸುತ್ತದೆ. ಎರಡರಲ್ಲಿ ಒಂದನ್ನು ಆರಿಸಿ ಒತ್ತಬೇಕಾದಾಗ, ಸುಮ್ಮನೆ ಒತ್ತುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆಂದು ಡಚ್ ವಿಜ್ಞಾನಿ ಡಾಂಡರ್ಸ್ 1868ರಲ್ಲೇ ಅಳೆದು ತೋರಿಸಿದ್ದ. ಒಂದಕ್ಕೊಂದು ಹತ್ತಿರವಿರುವ ಅಂಕಿಗಳನ್ನು ಹೋಲಿಸುವುದು ನಿಧಾನ ಎಂಬುದನ್ನು ಮೋಯರ್ ಮತ್ತು ಲಾಂಡೌರ್ ಎಂಬ ಸಂಶೋಧಕರು 1967ರಲ್ಲಿ ಕಂಡುಕೊಂಡರು. ಈ ಎರಡೂ ಅಡ್ಡಿಗಳು ‘ಜಡ್ಜ್’ನೊಳಗೆ ಸದ್ದಿಲ್ಲದೆ ಕೂತಿವೆ. ಹಾಗಾಗಿ ವೇಗ ಏರಿಸದೆಯೂ ಪ್ರತಿ ಸುತ್ತೂ ಬೇರೆ ಬೇರೆ ಮಟ್ಟಕ್ಕೆ ಕಠಿಣವಾಗುತ್ತದೆ.

ಗುನ್ಪೆ ಯೊಕೊಯಿ ರೂಪಿಸಿದ ‘ಗೇಮ್ ಅಂಡ್ ವಾಚ್’ ಸರಣಿಯ ಐದನೆಯ ಆಟ ಇದು. ಬುಲೆಟ್ ರೈಲಿನಲ್ಲಿ ಬೇಸರದಿಂದ ಕ್ಯಾಲ್ಕುಲೇಟರ್ ಗುಂಡಿ ಒತ್ತುತ್ತಿದ್ದ ಪ್ರಯಾಣಿಕನನ್ನು ಕಂಡು ಅವರಿಗೆ ಸರಣಿ ಹೊಳೆಯಿತಂತೆ. ಕ್ಯಾಲ್ಕುಲೇಟರ್ ಪೈಪೋಟಿಯಲ್ಲಿ ಅಗ್ಗವಾಗಿದ್ದ ಪರದೆಗಳನ್ನೇ ಅವರು ಬಳಸಿಕೊಂಡರು. ಆ ಪರದೆಯಲ್ಲಿ ಗೊಂಬೆಯ ಒಂದೊಂದು ಭಂಗಿಯೂ ಮೊದಲೇ ಅಚ್ಚಾಗಿರುತ್ತದೆ, ಅದು ಕಾಣುತ್ತದೆ ಅಥವಾ ಮಾಯವಾಗುತ್ತದೆ, ನಡುವೆ ಚಲನೆಯಿಲ್ಲ. ಬೇರೆ ಆಟಗಳಲ್ಲಿ ಕೊರತೆ ಎನಿಸುವ ಇದು ಇಲ್ಲಿ ಗುಣ. ಸುತ್ತಿಗೆ ಮೇಲಿದೆ, ಮರುಗಳಿಗೆ ತಲೆಯ ಮೇಲಿದೆ.

ಇದನ್ನು ಮೆಚ್ಚಲು ನಮ್ಮ ಸೀಮೆಯವರಿಗೆ ಪಾಠವೇನೂ ಬೇಕಿಲ್ಲ. ಚಿಕ್ಕಯ್ಯನಛತ್ರದ ಕಡೆಯ ಜಗಲಿಗಳಲ್ಲಿ ‘ಕಾಗೆ ಹಾರ್ತು, ಗುಬ್ಬಿ ಹಾರ್ತು’ ಎಂದು ಬೆರಳೆತ್ತುತ್ತಾ, ‘ಎಮ್ಮೆ ಹಾರ್ತು’ ಎಂದಾಗಲೂ ಎತ್ತಿ ಔಟಾದವರು ನಾವೆಲ್ಲ. ಚುರುಕಾಗಿರಬೇಕು, ಚುರುಕನ್ನು ತಡೆಯಲೂ ಬರಬೇಕು. ಅದೇ ಪಟ್ಟು ‘ಜಡ್ಜ್’ನದು. ಆದರೆ ತೊಂಬತ್ತರ ದಶಕದಲ್ಲಿ ಜಾತ್ರೆಯ ಅಂಗಡಿಸಾಲುಗಳಿಂದ ಹಳ್ಳಿ ಮನೆಗಳಿಗೆ ಬಂದ ‘ವಿಡಿಯೊ ಗೇಮ್’ ಬೇರೆಯದು. ‘9999 ಇನ್ 1’ ಎಂದು ಬರೆದ, ಪೆನ್ಸಿಲ್ ಸೆಲ್ ಹಾಕುವ ಆ ಇಟ್ಟಿಗೆ ಆಟದಲ್ಲಿ ಒಬ್ಬ ಆಡಬೇಕು, ಉಳಿದವರು ಅವನ ಹೆಗಲ ಮೇಲಿಂದ ಇಣುಕಬೇಕು. ಅದು ಒಳ್ಳೆಯ ಆಟವೇ. ಆದರೂ ಸರದಿಗೆ ಕಾದು ಕೂತ ತಂಗಿಯಂದಿರನ್ನು ನೆನೆದರೆ, ಇಬ್ಬರಿಗೂ ಒಟ್ಟಿಗೆ ಗುಂಡಿ ಕೊಡುವ ಯಂತ್ರ ಆಗ ನಮಗೆ ಸಿಗಬೇಕಿತ್ತು ಎಂದು ಈಗಲೂ ಮನಸ್ಸು ಹೇಳುತ್ತದೆ.

‘ಜಡ್ಜ್’ನಲ್ಲಿ ದೋಷಗಳಿಲ್ಲವೆ? ಇವೆ. ಪರದೆಗೆ ಒಳಬೆಳಕಿಲ್ಲ. ಓರೆಯಿಂದ ನೋಡಿದರೆ ಅಂಕಿ ಮಸುಕು, ಹಾಗಾಗಿ ನೇರಕ್ಕೆ ಕೂತವರಿಗೆ ಅನುಕೂಲ ಹೆಚ್ಚು. ಇಬ್ಬರ ಹೆಬ್ಬೆರಳು ಒಂದೇ ಪುಟ್ಟ ಡಬ್ಬಿಯ ಮೇಲಿರುವುದರಿಂದ ಆವೇಶ ಬಂದಾಗ ಎಳೆದಾಟವಾಗುತ್ತದೆ. ಯಂತ್ರದ ವಿರುದ್ಧ ಒಬ್ಬರೇ ಆಡುವ ಬಗೆಯಂತೂ ಸಪ್ಪೆ. ಎದುರಿಗಿರುವವರ ಉಸಿರು ಬಿಗಿಯಾದದ್ದು, ಹೊಡೆಯುವಂತೆ ಅವರು ಹುಸಿಯಾಗಿ ಬೆರಳು ಅಲುಗಿಸಿದ್ದು ಯಾವುದೂ ಅಲ್ಲಿಲ್ಲ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆಟಗಳನ್ನು ಕಟ್ಟುವ ಹುಡುಗ ಹುಡುಗಿಯರು ಇದನ್ನು ಕನ್ನಡ ಅಂಕಿಗಳಲ್ಲಿ ಮಾಡಿನೋಡಬೇಕು. ೬ ಮತ್ತು ೯ ಅಕ್ಕಪಕ್ಕ ಬಂದಾಗ ಯಾರ ಕೈ ಮೊದಲು ಏಳುತ್ತದೆ ಎಂದು ನೋಡುವ ಆಸೆ ನನಗಿದೆ.